ಕೊರೆದ ಮೇಲೆ ಶಿಮ್ ಬಿಡಿ

ಹೊಸಪೇಟೆ
೧೨ ಫೆಬ್ರವರಿ ೨೦೨೪

ಶಾಂಭವಿ ಮೇಡಂ ಅವರಿಗೆ,

ಹೊಸಪೇಟೆಯಿಂದ ಬೇರಿಂಗ್ ಉಜ್ಜಿನಪ್ಪ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮಸಮಾಚಾರ ಕೇಳುವ ಮನಸ್ಸು ಇವತ್ತು ನನಗಿಲ್ಲ. ಕೇಳಿದರೆ ಅದು ನಾಟಕವಾಗುತ್ತದೆ.

ಒಂಬತ್ತು ದಿನದಲ್ಲಿ ನಿಮಗೆ ಹದಿನಾಲ್ಕು ಸಲ ಫೋನ್ ಮಾಡಿದೆ. ಒಮ್ಮೆಯೂ ಎತ್ತಲಿಲ್ಲ. ಅದಕ್ಕೇ ಈ ರಿಜಿಸ್ಟರ್ಡ್ ಪತ್ರ. ಪುಣೆಯಲ್ಲಿ ಯಾರಾದರೂ ಒಬ್ಬರು ಸಹಿ ಹಾಕಿ ಇದನ್ನು ತೆಗೆದುಕೊಳ್ಳಲೇಬೇಕು. ಬಸ್ ನಿಲ್ದಾಣದ ಗಬ್ಬಿನಿಂದ ಹಿಡಿದು ಕಾಲುವೆಯ ಹೂಳಿನವರೆಗೆ ಪತ್ರಿಕೆಯ ವಾಚಕರ ಅಂಕಣಕ್ಕೆ ಇಪ್ಪತ್ತು ವರ್ಷದಿಂದ ಬರೆದುಕೊಂಡು ಬಂದವನು ನಾನು. ಇಂಗ್ಲಿಷ್ ಬಾರದು, ನಿಜ. ಬರೆಯಲು ಬಾರದವನಲ್ಲ.

ಆಗಿದ್ದು ನಿಮಗೆ ಗೊತ್ತಿರಬಹುದು, ಆದರೂ ನನ್ನಿಂದ ಕೇಳಿ. ಸಂಡೂರಿನ ಆಚೆ ಆ ಕಾರ್ಖಾನೆಯ ಗಾಳಿ ಊದುವ ಬ್ಲೋವರ್‌ಗೆ ನಿಮ್ಮ ಡ್ರಾಯಿಂಗ್ ನೋಡಿ ಜನವರಿಯಲ್ಲಿ ನಾನು ಹೊಸ ಬೇರಿಂಗ್ ಮಾಡಿ ಕೂಡಿಸಿದೆನಲ್ಲ, ಅದು ಓಡಿದ್ದು ಬರೀ ಒಂಬತ್ತು ದಿನ. ಫೆಬ್ರವರಿ ಮೂರು, ಶನಿವಾರ, ಬೆಳಗಿನ ಹನ್ನೊಂದು ಗಂಟೆಗೆ ಶಾಫ್ಟ್ ಒದರಾಡತೊಡಗಿ, ಬೇರಿಂಗಿನ ಒಳಮೈಯ ವೈಟ್ ಮೆಟಲ್ ಕರಗಿ, ಎಣ್ಣೆಯ ಪೈಪು ಕಿತ್ತು ಹಾರಿತು. ಕಾದ ಎಣ್ಣೆ ಪಕ್ಕದಲ್ಲಿ ಎಣ್ಣೆಯ ಒತ್ತಡ ನೋಡುತ್ತಿದ್ದವನ ಮುಖಕ್ಕೆ ಚಿಮ್ಮಿತು. ಆ ಪಕ್ಕದಲ್ಲಿದ್ದವನು ಕನಕರಾಜ, ನನ್ನ ತಂಗಿ ಹೊಳೆಮ್ಮನ ಒಬ್ಬನೇ ಮಗ. ಅವನನ್ನು ಆ ಕೆಲಸಕ್ಕೆ ಸೇರಿಸಿದವನೂ ನಾನೇ. ಈಗ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾನೆ. ಬಲಗೈ, ಕುತ್ತಿಗೆ, ಅರ್ಧ ಮುಖಕ್ಕೆ ಬ್ಯಾಂಡೇಜು. ಬಲಗಣ್ಣಿನ ಬಗ್ಗೆ ಡಾಕ್ಟರು ಏನೂ ಬಾಯಿ ಬಿಡುತ್ತಿಲ್ಲ.

ಕಾರ್ಖಾನೆಯವರು ಮೊನ್ನೆ ನೋಟಿಸ್ ಕಳಿಸಿದ್ದಾರೆ. "ಜೋಡಣೆಯ ದೋಷ" ಅಂತೆ. ಅಂದರೆ ನನ್ನ ಕೈದೋಷ. ಮಾರ್ಚ್ ಹದಿನೈದಕ್ಕೆ ವಿಚಾರಣೆ, ಅಲ್ಲಿಯವರೆಗೆ ಗೇಟಿನೊಳಗೆ ಕಾಲಿಡುವಂತಿಲ್ಲ. ಅದನ್ನಾದರೂ ಸಹಿಸಿಕೊಂಡೇನು. ಹೊಳೆಮ್ಮನಿಗೆ ಯಾರೋ ಆ ನೋಟಿಸಿನ ಸುದ್ದಿ ಮುಟ್ಟಿಸಿದರು. ಆಸ್ಪತ್ರೆಯ ಬಾಗಿಲಲ್ಲೇ ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಳು. "ನೀ ಮಾಡಿದ್ದಕ್ಕ ನನ್ನ ಮಗ ಸುಟ್ಟಾನ. ಒಳಗ ಬರಬ್ಯಾಡ. ನಾ ಸತ್ರೂ ಬರಬ್ಯಾಡ," ಅಂದಳು. ಅರವತ್ತೊಂದು ವರ್ಷಕ್ಕೆ ಒಡಹುಟ್ಟಿದವಳಿಂದ ಈ ಮಾತು ಕೇಳಿದೆ ಮೇಡಂ.

ನೀವು ಡಿಸೆಂಬರಿನಲ್ಲಿ ನನ್ನ ವರ್ಕ್‌ಶಾಪಿಗೆ ಬಂದಾಗಲೇ ಹೇಳಿದ್ದೆ. "ಮೇಡಂ, ಇದು ದುಂಡಗ ಇಲ್ಲರಿ. ಇದು ಬೇರಿಂಗ್ ಅಲ್ಲ, ಮೊಟ್ಟಿ." ನೀವು ನಕ್ಕಿರಿ. "ಮೊಟ್ಟೆಯೇ ಬೇಕು ಉಜ್ಜಿನಪ್ಪನವರೇ," ಅಂದಿರಿ. ಕೆಲಸದವರ ಮುಂದೆ. ಆ ನಗು ನನಗೆ ಚೆನ್ನಾಗಿ ನೆನಪಿದೆ.

ನಿಮ್ಮ ಡ್ರಾಯಿಂಗ್ ತಪ್ಪು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ. ಅದನ್ನು ಮೊದಲು ನನ್ನ ತಂಗಿಗೆ ತೋರಿಸುತ್ತೇನೆ, ಆಮೇಲೆ ಕಾರ್ಖಾನೆಗೆ.

ಉಜ್ಜಿನಪ್ಪ


ಪುಣೆ
೨೦ ಫೆಬ್ರವರಿ ೨೦೨೪

ಶ್ರೀ ಉಜ್ಜಿನಪ್ಪನವರಿಗೆ,

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಶ್ರೀ ಕನಕರಾಜ್ ಅವರಿಗೆ ಆಗಿರುವ ಗಾಯಗಳಿಗೆ ನಮ್ಮ ಸಂಸ್ಥೆಯು ವಿಷಾದಿಸುತ್ತದೆ. ವಿಚಾರಣೆ ಬಾಕಿ ಇರುವುದರಿಂದ ದೂರವಾಣಿಯಲ್ಲಿ ಮಾತನಾಡದಂತೆ ನಮಗೆ ಸೂಚನೆಯಿದೆ. ತಮ್ಮ ಅನುಕೂಲಕ್ಕಾಗಿ ಈ ಉತ್ತರವನ್ನು ಕನ್ನಡದಲ್ಲಿ ಕೊಡಲಾಗಿದೆ.

ಬೇರಿಂಗಿನ ವಿನ್ಯಾಸವನ್ನು ಮರುಪರಿಶೀಲಿಸಲಾಗಿದ್ದು, ಅದರಲ್ಲಿ ದೋಷ ಕಂಡುಬಂದಿಲ್ಲ. ಬ್ಲೋವರ್ ನಿಮಿಷಕ್ಕೆ ೪೮೦೦ ಸುತ್ತು ತಿರುಗುತ್ತಿತ್ತು. ಆದರೆ ಕಂಪನದ ದಾಖಲೆಯಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು ೨೨೫೦ ಸಲ, ಅಂದರೆ ಅರ್ಧಕ್ಕಿಂತ ತುಸು ಕಡಿಮೆ, ಅದುರಿದ್ದು ಸ್ಪಷ್ಟವಾಗಿದೆ. ದುಂಡಗಿನ, ಸಡಿಲವಾದ ಬೇರಿಂಗಿನಲ್ಲಿ ಮಾತ್ರ ಹೀಗಾಗುತ್ತದೆ. ಎರಡು ಹೋಳುಗಳ ನಡುವೆ ಇಟ್ಟು ಕೊರೆದ ಶಿಮ್‌ಗಳನ್ನು, ಅಂದರೆ ಹಿತ್ತಾಳೆಯ ತೆಳು ತಗಡುಗಳನ್ನು, ಜೋಡಣೆಗೆ ಮೊದಲು ತೆಗೆದಿಲ್ಲವೆಂದು ನಮಗೆ ಅನುಮಾನವಿದೆ.

ದಯವಿಟ್ಟು ಎರಡು ವಿಷಯ ತಿಳಿಸಿ. ಜೋಡಣೆಯ ವೇಳೆ ಶಿಮ್‌ಗಳು ಒಳಗಿದ್ದವೇ? ಇದ್ದಲ್ಲಿ, ತಾವು ಬರೆದುಕೊಟ್ಟ ತಪಾಸಣಾ ಹಾಳೆಯಲ್ಲಿ ಶಾಫ್ಟಿಗೂ ಬೇರಿಂಗಿಗೂ ನಡುವಿನ ಮೇಲಿನ ಸಂದು "ಇಪ್ಪತ್ತು" ಪಾಯಿಂಟ್, ಅಂದರೆ ಮಿಲಿಮೀಟರಿನ ನೂರರಲ್ಲಿ ಇಪ್ಪತ್ತು ಪಾಲು, ಎಂದು ಹೇಗೆ ದಾಖಲಾಗಿದೆ?

ವಿಶ್ವಾಸಿ,
ಶಾಂಭವಿ
ಹಿರಿಯ ವಿನ್ಯಾಸ ಇಂಜಿನಿಯರ್


ಹೊಸಪೇಟೆ
೨೬ ಫೆಬ್ರವರಿ ೨೦೨೪

ಶಾಂಭವಿ ಮೇಡಂ,

"ವಿಷಾದಿಸುತ್ತದೆ." ಯಾರು? ಸಂಸ್ಥೆ. ಸಂಸ್ಥೆಗೆ ಕಣ್ಣಿದೆಯಾ, ನೀರು ಬರಲಿಕ್ಕೆ? ಈ ಪತ್ರವನ್ನು ನಾನು ಮೂರು ಸಲ ಓದಿದೆ. ಡಿಸೆಂಬರಿನಲ್ಲಿ ನನ್ನ ವರ್ಕ್‌ಶಾಪಿನಲ್ಲಿ ಕೂತು ಎರಡು ಲೋಟ ಚಹಾ ಕುಡಿದು, "ನಮ್ಮ ತಂದೆ ಕಂಪ್ಲಿಯವರು, ನಾನು ಬೆಳೆದದ್ದು ಮೈಸೂರಿನಲ್ಲಿ, ಈ ಕಡೆಯ ಮಾತು ಕೇಳಿದರೆ ಅಜ್ಜಿ ನೆನಪಾಗುತ್ತಾಳೆ," ಅಂದವರು ಬರೆದ ಪತ್ರವಾ ಇದು?

ಹೌದು, ಶಿಮ್ ಒಳಗಿದ್ದವು. ಇರಲೇಬೇಕಿತ್ತು. ನೀವೇ ಬರೆದುಕೊಟ್ಟಿದ್ದೀರಿ. ನನಗೆ ಇಂಗ್ಲಿಷ್ ಬಾರದು ಎಂದು ಡ್ರಾಯಿಂಗಿನ ಅಂಚಿನಲ್ಲಿ ಕೆಂಪು ಪೆನ್ನಿನಿಂದ, ನಿಮ್ಮ ಕೈಯಾರೆ, ಐದು ಸಾಲು ಕನ್ನಡ. ನಾಲ್ಕನೆಯ ಸಾಲು ಇದು: "ಕೊರೆದ ಮೇಲೆ ಶಿಮ್ ಬಿಡಿ." ಬಿಡಿ ಅಂದಿರಿ, ಬಿಟ್ಟೆ. ಈಗ ತೆಗೆಯಬೇಕಿತ್ತು ಅನ್ನುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶಿಮ್ ಅಂದರೇನು ಎಂದು ನೀವು ನನಗೆ ಕಲಿಸಬೇಕಾಗಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಗಳ ಹಳೇ ಎಂಜಿನ್ನುಗಳಲ್ಲಿ ನನ್ನ ಕೈ ಪಳಗಿದ್ದು. ಬೇರಿಂಗಿನ ಎರಡು ಹೋಳಿನ ನಡುವೆ ನಾಲ್ಕಾರು ಶಿಮ್ ಇಟ್ಟೇ ಬಿಗಿಯುತ್ತೇವೆ. ವರ್ಷ ಕಳೆದು ವೈಟ್ ಮೆಟಲ್ ಸವೆದು ಸಡಿಲಾದಂತೆ ಒಂದೊಂದೇ ತೆಗೆದು ಮತ್ತೆ ಬಿಗಿ ಮಾಡುವುದು. ನನ್ನ ಗುರು ಗಾದಿಲಿಂಗ ಮೇಸ್ತ್ರಿ ಹೇಳುತ್ತಿದ್ದ, "ಶಿಮ್ ಅಂದ್ರ ಬೇರಿಂಗಿನ ಆಯುಷ್ಯ ಲೇ. ಮೊದಲ ದಿನಾನ ಯಾರಾರ ಆಯುಷ್ಯ ಕಿತ್ತು ಒಗೀತಾರೇನು?" ಹಾಗಿದ್ದರೂ ನಿಮ್ಮ ಬೇರಿಂಗ್ ವಿಚಿತ್ರದ್ದು ಎಂದು ನನಗೆ ಅನುಮಾನ ಬಂತು. ಜನವರಿ ಹತ್ತೊಂಬತ್ತಕ್ಕೆ ನಿಮಗೆ ಫೋನ್ ಹಚ್ಚಿದೆ. "ಮೇಡಂ, ಶಿಮ್ ಬಿಡೋದೇನ್ರಿ?" ಅಂತ ಕೇಳಿದೆ. "ಹೂಂ, ಬಿಡಿ, ಮೀಟಿಂಗ್‌ನಲ್ಲಿದ್ದೇನೆ," ಅಂದಿರಿ. ಇಟ್ಟುಬಿಟ್ಟಿರಿ. ಹತ್ತೊಂಬತ್ತು ಸೆಕೆಂಡು. ಇನ್ನೂ ನನ್ನ ಫೋನಿನಲ್ಲಿದೆ.

ಬರೆದದ್ದೂ ನೀವೇ, ಹೇಳಿದ್ದೂ ನೀವೇ. ಈಗ ಅಲ್ಲಿ ಕೂತು ನನಗೆ "ಮಾನ್ಯರೇ" ಅನ್ನುತ್ತೀರಿ. ನಾಚಿಕೆಯಾಗುವುದಿಲ್ಲವಾ?

ಉಜ್ಜಿನಪ್ಪ


ಪುಣೆ
೪ ಮಾರ್ಚ್ ೨೦೨೪

ಉಜ್ಜಿನಪ್ಪನವರೇ,

ಇದು ಕಚೇರಿಯ ಪತ್ರವಲ್ಲ. ಮನೆಯಲ್ಲಿ ಕೂತು, ನನ್ನ ಕೈಯಲ್ಲಿ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬಿಡಿ ಅಂದರೆ ತೆಗೆಯಿರಿ ಎಂದು ಅರ್ಥ! ಬೀಡಿ ಬಿಡಿ ಎಂದು ಡಾಕ್ಟರು ಹೇಳಿದರೆ ನೀವು ಇನ್ನೆರಡು ಕಟ್ಟು ತಂದು ಸೇದುತ್ತೀರಾ? ಶಿಮ್ ಇದ್ದಲ್ಲೇ ಇರಬೇಕಾಗಿದ್ದರೆ ನಾನು ಅದಕ್ಕೆಂದೇ ಒಂದು ಸಾಲು ಯಾಕೆ ಬರೆಯುತ್ತಿದ್ದೆ? ಮೂವತ್ತೆಂಟು ವರ್ಷದ ಅನುಭವ ಅನ್ನುತ್ತೀರಿ, ಇಷ್ಟು ಯೋಚಿಸಲಾಗಲಿಲ್ಲವೇ? ಅಚ್ಚಾದ ಡ್ರಾಯಿಂಗಿನಲ್ಲಿ ಇಂಗ್ಲಿಷಿನಲ್ಲಿ ತೆಗೆಯಬೇಕು ಎಂದೇ ಇದೆ. ಓದಲು ಬಾರದಿದ್ದರೆ ಪಕ್ಕದ ಅಂಗಡಿಯ ಯಾರನ್ನಾದರೂ ಕೇಳಬಹುದಿತ್ತು. ಆದರೆ ನಿಮಗೆ ಮೊದಲ ದಿನದಿಂದಲೂ ಆ ಬೇರಿಂಗ್ ಕಂಡರೆ ಆಗುತ್ತಿರಲಿಲ್ಲ.

ಆ ದಿನ ನಾನು ನಕ್ಕೆ, ವಿವರಿಸಲಿಲ್ಲ. ಅದು ನನ್ನ ತಪ್ಪು. ಈಗ ವಿವರಿಸುತ್ತೇನೆ. ತಿರುಗುವಾಗ ಶಾಫ್ಟ್ ಲೋಹದ ಮೇಲೆ ಕೂತಿರುವುದಿಲ್ಲ, ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ತನ್ನ ಮೈಗಂಟಿದ ಎಣ್ಣೆಯನ್ನು ತಾನೇ ಎಳೆದು ಅಡಿಗೆ ಹಾಕಿಕೊಂಡು ಅದರ ಮೇಲೆ ಏಳುತ್ತದೆ. ಶಾಫ್ಟಿಗೆ ತಾಗಿದ ಎಣ್ಣೆ ಶಾಫ್ಟಿನ ವೇಗದಲ್ಲಿ ಓಡುತ್ತದೆ, ಬೇರಿಂಗಿಗೆ ತಾಗಿದ ಎಣ್ಣೆ ನಿಂತೇ ಇರುತ್ತದೆ. ಹಾಗಾಗಿ ನಡುವಿನ ಎಣ್ಣೆ ಸುಮಾರು ಅರ್ಧ ವೇಗದಲ್ಲಿ ಸುತ್ತುತ್ತದೆ. ಭಾರವಾದ, ನಿಧಾನವಾದ ಗಿರಣಿ ಎಂಜಿನ್ನಿಗೆ ಇದರಿಂದ ಏನೂ ಆಗುವುದಿಲ್ಲ, ಅದರ ತೂಕವೇ ಶಾಫ್ಟನ್ನು ಅದುಮಿ ಹಿಡಿದಿರುತ್ತದೆ. ಈ ಬ್ಲೋವರಿನ ಶಾಫ್ಟ್ ಹಗುರ, ವೇಗ ಜಾಸ್ತಿ. ಬೇರಿಂಗ್ ದುಂಡಗೆ, ಸಡಿಲವಾಗಿದ್ದರೆ ಆ ಸುತ್ತುವ ಎಣ್ಣೆ ಶಾಫ್ಟನ್ನೇ ಹೊತ್ತುಕೊಂಡು ಗಿರಗಿರ ತಿರುಗಲು ಶುರುಮಾಡುತ್ತದೆ. ಅರ್ಧ ವೇಗದ ಅದುರಾಟ ಅಂದೆನಲ್ಲ, ಅದು ಇದೇ. ಶಿಮ್ ಇಟ್ಟು ದುಂಡಗೆ ಕೊರೆದು, ಆಮೇಲೆ ಶಿಮ್ ತೆಗೆದರೆ ಎರಡು ಹೋಳೂ ಹತ್ತಿರ ಬಂದು ಮೇಲೆ ಕೆಳಗೆ ಬಿಗಿ, ಅಕ್ಕಪಕ್ಕ ಸಡಿಲವಾಗುತ್ತದೆ. ನಿಮ್ಮ ಮೊಟ್ಟೆ. ಆ ಬಿಗಿಯೇ ಶಾಫ್ಟನ್ನು ಅಲ್ಲಾಡದಂತೆ ಹಿಡಿಯುತ್ತದೆ. ನೀವು ಶಿಮ್ ಉಳಿಸಿ ಅದನ್ನು ದುಂಡಗೆ ಮಾಡಿಕೊಟ್ಟಿರಿ.

ಕೆಂಪು ಪೆನ್ನಿನಲ್ಲಿ ಬರೆದ ಆ ಹಾಳೆ ನಿಮ್ಮ ಬಳಿ ಮಾತ್ರ ಇದೆ. ಅದನ್ನು ನನಗೆ ಕಳಿಸಿ. ವಿಚಾರಣೆಗೆ ಮೊದಲು ಬೇಕು.

ಇನ್ನೊಂದು ಮಾತು. ಇಪ್ಪತ್ತರ ಬಗ್ಗೆ ನೀವು ಉತ್ತರ ಕೊಡಲಿಲ್ಲ.

ಶಾಂಭವಿ


ಹೊಸಪೇಟೆ
೯ ಮಾರ್ಚ್ ೨೦೨೪

ಶಾಂಭವಿ ಮೇಡಂ,

ಹಾಳೆ ಕಳಿಸಬೇಕಂತೆ! ಕಳಿಸಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲವಾ? ನನಗಿರುವ ಒಂದೇ ಸಾಕ್ಷಿ ಅದು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹದಿನೈದನೇ ತಾರೀಖು ನಾನೇ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡುತ್ತೇನೆ. ನಿಮ್ಮ ಕೈಗೆ ಮಾತ್ರ ಕೊಡುವುದಿಲ್ಲ.

ಬೀಡಿ ಬಿಡಿ ಅಂದಿರಲ್ಲ. ಸರಿ. ಗಡ್ಡ ಬಿಡು ಅಂದರೆ ಏನು ಮಾಡುತ್ತಾರೆ ಮೇಡಂ? ಬೋಳಿಸಿಕೊಳ್ಳುತ್ತಾರಾ? ಟೇಲರನಿಗೆ "ಒಳಗ ಎರಡು ಇಂಚು ಬಟ್ಟಿ ಬಿಡಪಾ," ಅಂದರೆ ಕತ್ತರಿಸಿ ಒಗೆಯುತ್ತಾನಾ, ಉಳಿಸುತ್ತಾನಾ? ನಮ್ಮ ಕೆಲಸದಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಇದೇ ಮಾತು. "ಅಲ್ಲಿ ಹತ್ತು ಪಾಯಿಂಟ್ ಬಿಡು, ಇಲ್ಲಿ ಸಂದು ಬಿಡು, ಅಂಚಿನಾಗ ಲೋಹ ಬಿಡು." ಬಿಡು ಅಂದರೆ ಉಳಿಸು, ಮುಟ್ಟಬೇಡ. ತೆಗೆಯುವುದಕ್ಕೆ ತೆಗಿ ಅನ್ನುತ್ತೇವೆ. ತೆಗೆಯಿರಿ ಎಂದು ಬರೆಯಲು ನಿಮ್ಮ ಪೆನ್ನಿನಲ್ಲಿ ಶಾಯಿ ಕಡಿಮೆ ಇತ್ತಾ?

ನಿಮ್ಮ ಅಜ್ಜಿಯ ಊರಿನ ಮಾತು ನಿಮಗೆ ಬರುವುದಿಲ್ಲ. ಬರದಿದ್ದರೆ ಬರೆಯಬಾರದಿತ್ತು.

ಹೊಳೆಮ್ಮ ನೀರು ತರಲು ಹೋದಾಗ ನಿನ್ನೆ ಕಳ್ಳನ ಹಾಗೆ ವಾರ್ಡಿಗೆ ನುಗ್ಗಿ ಕನಕರಾಜನನ್ನು ನೋಡಿದೆ. ನಿಮ್ಮ ಪತ್ರ ಓದಿ ಹೇಳಿದೆ. ಬ್ಯಾಂಡೇಜಿನೊಳಗೇ ನಕ್ಕ, ನಕ್ಕಿದ್ದಕ್ಕೆ ನೋವಾಗಿ ಅತ್ತ. "ಮಾಮಾ, ಇಬ್ರೂ ಕೂಡಿ ಒಂದ ಮಾತಿಗೆ ನನ್ನ ಬೇಯಿಸಿದ್ರಲ್ಲೋ," ಅಂದ. ಎಣ್ಣೆ ಶಾಫ್ಟನ್ನು ಹೊತ್ತುಕೊಂಡು ತಿರುಗುತ್ತದೆ ಎಂದು ಬರೆದಿದ್ದೀರಲ್ಲ, ಅದನ್ನು ಎರಡು ಸಲ ಓದಿಸಿಕೊಂಡ. "ಹೌದು, ಹಂಗ ಆತು. ಮೂರು ದಿನದಿಂದ ಹೂಂ ಹೂಂ ಅಂತಿತ್ತು," ಅಂದ. ಅವನಿಗೆ ಅರ್ಥವಾಯಿತು. ನನಗೂ ಆಯಿತು. ಇದನ್ನು ಡಿಸೆಂಬರಿನಲ್ಲಿ ಹೇಳಲು ನಿಮಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ಇನ್ನೊಂದು ಲೋಟ ಚಹಾ ಕುಡಿಯುವಷ್ಟು. ಆದರೆ ನಕ್ಕು ಹೋದಿರಿ. ಫಿಟ್ಟರನಿಗೆ ಯಾಕೆ ಹೇಳಬೇಕು, ಅವನು ಹೇಳಿದಷ್ಟು ಮಾಡಿದರೆ ಸಾಕು, ಅಲ್ಲವಾ?

ಫೋನಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಹತ್ತೊಂಬತ್ತು ಸೆಕೆಂಡು. ಅದನ್ನು ಮಾತ್ರ ಜಾಣತನದಿಂದ ದಾಟಿಹೋಗಿದ್ದೀರಿ.

ಕನಕರಾಜನ ಕಣ್ಣಿನ ಬ್ಯಾಂಡೇಜು ಹದಿನೆಂಟಕ್ಕೆ ಬಿಚ್ಚುತ್ತಾರೆ. ಅವನ ಅವ್ವ ಎರಡು ಹೊತ್ತೂ ಅದೇ ವಾರ್ಡಿನ ನೆಲದ ಮೇಲೆ ಕೂತಿರುತ್ತಾಳೆ. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತು, ಅವಳು ನೋಡುವ ಮೊದಲು ಬಸ್ ಹಿಡಿಯುತ್ತೇನೆ. ಅವಳು ನನ್ನನ್ನು ಒಳಗೆ ಕರೆಯಬೇಕು. ನನಗೆ ಬೇಕಾಗಿರುವುದು ಅಷ್ಟೇ. ನಿಮ್ಮ ಕಾರ್ಖಾನೆ, ನಿಮ್ಮ ಗೇಟು ಎಲ್ಲ ಹಾಳಾಗಿ ಹೋಗಲಿ.

ಉಜ್ಜಿನಪ್ಪ


ಪುಣೆ
೧೯ ಮಾರ್ಚ್ ೨೦೨೪

ಉಜ್ಜಿನಪ್ಪನವರೇ,

ವಿಚಾರಣೆಯ ದಿನ ನೀವು ನನ್ನ ಮುಖವನ್ನೂ ನೋಡಲಿಲ್ಲ. ಮೇಜಿನ ಆ ತುದಿಯಲ್ಲಿ ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹಾಳೆಯನ್ನು ಅವರ ಮುಂದೆ ಬಡಿದಿರಿ. ನಾನು ಅದನ್ನು ಕೇಳಿದ್ದು ಸುಡಲಿಕ್ಕಲ್ಲ, ನನ್ನ ಹೇಳಿಕೆಯ ಜೊತೆ ನಾನೇ ಕೊಡಲಿಕ್ಕೆ. ಆದರೆ ಹಾಗೆಂದು ನಾನು ಬರೆದಿರಲಿಲ್ಲ. ಆ ಪತ್ರ ಬರೆಯುವಾಗ ನನ್ನಲ್ಲಿ ಅಷ್ಟು ಧೈರ್ಯವಿರಲಿಲ್ಲ, ಕೊಡುತ್ತೇನೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ. ನೀವು ನಂಬದಿದ್ದುದು ಸರಿ.

ನಾನು ಅಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ, ನಿಮಗೆ ಪೂರ್ತಿ ತಿಳಿದಿರಲಾರದು. ಆ ಬರಹ ನನ್ನದು. ಅನುಮತಿ ಇಲ್ಲದೆ ನಾನೇ ಬರೆದುಕೊಟ್ಟೆ. ಅದಕ್ಕೆ ಎರಡು ಅರ್ಥವಿದೆ, ಬರೆಯುವಾಗ ನನಗೆ ಹೊಳೆಯಲಿಲ್ಲ. ಫಿಟ್ಟರ್ ಫೋನ್ ಮಾಡಿ ಕೇಳಿದರು, ಅವರು ಏನನ್ನು ಕೇಳುತ್ತಿದ್ದಾರೆ ಎಂದು ಗಮನಿಸದೆ ನಾನು ಹೂಂ ಅಂದೆ. ಇಷ್ಟು. ಫೋನಿನ ವಿಷಯ ಹೇಳುವಾಗ ನನ್ನ ಮೇಲಧಿಕಾರಿ ನನ್ನ ಕಾಲು ತುಳಿದರು. ಅಂದು ಮೀಟಿಂಗಿನಲ್ಲಿ ಅಂಥ ಘನಂದಾರಿ ವಿಷಯವೇನೂ ಇರಲಿಲ್ಲ. ಹೊಸ ಕಟ್ಟಡದಲ್ಲಿ ಯಾರ ಮೇಜು ಎಲ್ಲಿ ಎಂದು ಮಾತಾಡುತ್ತಿದ್ದೆವು. ಇದನ್ನು ಬರೆಯಲು ನನಗೆ ಎಷ್ಟು ಅಸಹ್ಯವಾಗುತ್ತಿದೆ ಗೊತ್ತೇ? ಒಂದು ನಿಮಿಷ ಹೊರಗೆ ಬಂದು "ಏನು ಹೇಳಿ ಉಜ್ಜಿನಪ್ಪನವರೇ," ಅಂದಿದ್ದರೆ ಸಾಕಿತ್ತು.

ಡ್ರಾಯಿಂಗ್ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ನಿಮ್ಮ ಮೇಲಿನ ನೋಟಿಸ್ ವಾಪಸು ಪಡೆಯುತ್ತಾರೆ, ಗೇಟ್ ತೆರೆಯುತ್ತದೆ. ಕನಕರಾಜರ ಬಲಗಣ್ಣು ಹೋಯಿತೆಂದು ನಿನ್ನೆ ಕಾರ್ಖಾನೆಯಿಂದ ಇಮೇಲ್ ಬಂತು. ಅದನ್ನು ಓದಿ ನನಗೆ ಏನಾಯಿತೆಂದು ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಿಮ್ಮ ತಂಗಿಗೆ ಬೇರೆಯೇ ಒಂದು ಪತ್ರ ಕಳಿಸಿದ್ದೇನೆ, ಕಾರ್ಖಾನೆಯಲ್ಲಿ ಕೇಳಿ ಪಡೆದ ಮಲಪನಗುಡಿಯ ವಿಳಾಸಕ್ಕೆ. ತಪ್ಪು ನನ್ನದು, ನಿಮ್ಮಣ್ಣನದಲ್ಲ ಎಂದು ಸಹಿ ಹಾಕಿ ಬರೆದಿದ್ದೇನೆ. ನೀವು ಮೊದಲ ಪತ್ರದಲ್ಲಿ ಕೇಳಿದ್ದು ಅದನ್ನೇ ಅಲ್ಲವೇ?

ಆದರೆ ಒಂದು ವಿಷಯದಲ್ಲಿ ನನ್ನ ಸಿಟ್ಟು ಹಾಗೇ ಇದೆ, ಅದನ್ನು ಬಚ್ಚಿಡುವುದಿಲ್ಲ. ಶಿಮ್ ಒಳಗಿದ್ದಾಗ ಮೇಲಿನ ಸಂದು ಇಪ್ಪತ್ತು ಬರಲು ಸಾಧ್ಯವೇ ಇಲ್ಲ. ಎರಡು ಪತ್ರದಲ್ಲಿ ಕೇಳಿದೆ. ವಿಚಾರಣೆಯಲ್ಲಿ ಆ ತಪಾಸಣಾ ಹಾಳೆ ನನ್ನ ಫೈಲಿನಲ್ಲೇ ಇತ್ತು. ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಅವತ್ತು ನನ್ನ ತಪ್ಪು ಹೇಳಲು ಹೋಗಿದ್ದೆ, ನಿಮ್ಮದನ್ನು ಹೇಳಲು ಅಲ್ಲ. ಮೂರನೆಯ ಸಲ ಕೇಳುವುದಿಲ್ಲ.

ಶಾಂಭವಿ


ಹೊಸಪೇಟೆ
೫ ಏಪ್ರಿಲ್ ೨೦೨೪

ತಂಗೀ ಶಾಂಭವಿ,

ಮೇಡಂ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ನಿಮ್ಮ ಪತ್ರ ಹಿಡಿದುಕೊಂಡು ಹೊಳೆಮ್ಮ ನನ್ನ ಮನೆಗೆ ಬಂದಳು. ಎರಡು ತಿಂಗಳ ಮೇಲೆ. ಅವಳಿಗೆ ಓದಲು ಬಾರದು. ಕನಕರಾಜನ ಕೈಯಲ್ಲಿ ಓದಿಸಿದ್ದಳೋ ಏನೋ, ಆದರೂ ನನ್ನ ಕೈಗೆ ಕೊಟ್ಟು, "ನೀ ಓದು, ನಾ ಕೇಳ್ತೀನಿ," ಅಂದಳು. ನಿಂತೇ ಇದ್ದಳು. ನನ್ನ ಹೆಂಡತಿ ಹಂಪಮ್ಮ, "ಕುಂದ್ರು ಹೊಳೆವ್ವಾ, ನೀರ ಕುಡಿ," ಅಂದರೂ ಕೂರಲಿಲ್ಲ.

ಓದಿದೆ. "ನಿಮ್ಮ ಅಣ್ಣನವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ" ಎಂಬ ಸಾಲನ್ನು ತಡವರಿಸಿ ಎರಡು ಸಲ ಓದಿದೆ. ಅವಳು ಅದನ್ನು ಸಂತೋಷ ಅಂದುಕೊಳ್ಳಲಿ ಎಂದು ಮುಂದಕ್ಕೆ ಓದಿದೆ. ಆದರೆ ಅವಳು ನನ್ನ ತಂಗಿ. ನಾನು ಚಿಕ್ಕವನಿದ್ದಾಗ ಬೆಲ್ಲ ಕದ್ದರೂ ನನ್ನ ಮುಖ ನೋಡಿಯೇ ಹಿಡಿಯುತ್ತಿದ್ದವಳು. ಪತ್ರ ಮುಗಿದ ಮೇಲೆ ಕೇಳಿದಳು, "ಆಕಿ ಯಾರೋ, ಗುರ್ತಿಲ್ಲ ಪರಿಚ್ಯಾ ಇಲ್ಲ. ಆಕಿ ತಪ್ಪು ಆಕಿ ಬರದು ಕಳಿಸ್ಯಾಳ. ನಿಂದು ಎಲ್ಲೈತಿ ಅಣ್ಣಾ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಜನವರಿ ಇಪ್ಪತ್ತೈದಕ್ಕೆ ಬೇರಿಂಗ್ ಕೂಡಿಸುವಾಗ ಪದ್ಧತಿಯಂತೆ ಶಾಫ್ಟಿನ ಮೇಲೆ ಸೀಸದ ತಂತಿ ಇಟ್ಟು, ಮೇಲಿನ ಹೋಳು ಹಾಕಿ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಸೀಸವನ್ನು ಅಳೆದೆ. ನಿಮ್ಮ ಡ್ರಾಯಿಂಗಿನಲ್ಲಿ ಮೇಲಿನ ಸಂದು ಇಪ್ಪತ್ತು ಪಾಯಿಂಟ್. ನನ್ನ ಸೀಸ ಹೇಳಿದ್ದು ಮೂವತ್ತೆಂಟು. ಶಿಮ್ ಎಷ್ಟು ದಪ್ಪವೋ ಸರಿಯಾಗಿ ಅಷ್ಟೇ ಜಾಸ್ತಿ. ಅಂಕಿಗೆ ಇಂಗ್ಲಿಷ್ ಇಲ್ಲ, ಕನ್ನಡ ಇಲ್ಲ. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು, ಶಿಮ್ ತೆಗೆಯಬೇಕಾಗಿತ್ತು ಎಂದು. ಆ ನಿಮಿಷಕ್ಕೇ ತಿಳಿಯಿತು, ಶಾಂಭವಿ. ಬಿಡಿ, ತೆಗಿ ಎಂದು ನಿಮ್ಮ ಜೊತೆ ಜಗಳವಾಡಿದ್ದೆಲ್ಲ ಆಮೇಲಿನ ಮಾತು.

ತೆಗೆಯಲು ಅರ್ಧ ಗಂಟೆಯ ಕೆಲಸ. ತೆಗೆಯಲಿಲ್ಲ. ನಿಮ್ಮ ನಗು ಒಂದು ಕಡೆ, ಹೂಂ ಬಿಡಿ ಎಂದು ಫೋನ್ ಇಟ್ಟದ್ದು ಇನ್ನೊಂದು ಕಡೆ, ಎರಡೂ ಮನಸ್ಸಿನಿಂದ ಹೋಗಿರಲಿಲ್ಲ. ಆಕೆಯೇ ಬರೆದಿದ್ದಾಳೆ, ಆಕೆಯೇ ಹೇಳಿದ್ದಾಳೆ, ಹೇಳಿದಂತೆಯೇ ಆಗಲಿ ಅಂದುಕೊಂಡೆ. ಈ ಬೇರಿಂಗ್ ಕಾದು ಒಂದು ಸಲ ನಿಲ್ಲಲಿ, ಪುಣೆಯಿಂದ ಓಡಿ ಬರುತ್ತಾಳೆ, ಕೆಲಸದವರ ಮುಂದೆ ನನ್ನನ್ನು ಕೇಳುತ್ತಾಳೆ, ಆಗ ನೋಡೋಣ ಅಂದುಕೊಂಡೆ. ಹಾಳೆಯಲ್ಲಿ ಇಪ್ಪತ್ತು ಎಂದು ಬರೆದೆ. ಮೂವತ್ತೆಂಟು ವರ್ಷದಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ಅಳತೆ ಅದು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ. ಅದು ನನ್ನ ಮನೆಯ ಕೂಸಿನ ಮೇಲೆ ಹೋಗುತ್ತದೆ ಎಂದು ಹೊಳೆಯಲಿಲ್ಲ. ಆ ಬ್ಲೋವರಿನ ಪಕ್ಕ ಯಾರು ನಿಲ್ಲುತ್ತಾರೆ ಎಂದು ಯೋಚಿಸಲೇ ಇಲ್ಲ. ಯಾರೋ ಒಬ್ಬರು ನಿಲ್ಲುತ್ತಾರೆ ಎಂದಾದರೂ ಯೋಚಿಸಬೇಕಿತ್ತು.

ನಿಮ್ಮ ತಪ್ಪು ಗೊತ್ತಿಲ್ಲದೆ ಆಗಿದ್ದು. ನನ್ನದು ಗೊತ್ತಿದ್ದು ಮಾಡಿದ್ದು. ಇಷ್ಟು ದಿನ ನಿಮ್ಮನ್ನು ಬೈದು ಬರೆದ ಒಂದೊಂದು ಸಾಲೂ ನನ್ನನ್ನು ನಾನು ಬೈದುಕೊಳ್ಳದೆ ಇರಲಿಕ್ಕೆ ಬರೆದದ್ದು.

ಕಾರ್ಖಾನೆಗೂ ಇವತ್ತೇ ಇದನ್ನೇ ಬರೆದು ಹಾಕಿದ್ದೇನೆ. ನಿಮ್ಮ ಕಂಪನಿಯ ವಿಳಾಸಕ್ಕೂ ಒಂದು ಪ್ರತಿ. ಅವರು ನಿಮ್ಮನ್ನು ಮತ್ತೆ ಡ್ರಾಯಿಂಗಿಗೆ ಕೂರಿಸಿದರೆ ಒಳ್ಳೆಯದು. ನನ್ನ ಗೇಟ್ ಮತ್ತೆ ಮುಚ್ಚುತ್ತಾರೆ, ಮುಚ್ಚಲಿ.

ಹೊಳೆಮ್ಮ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕನಕನ ಮುಂದ ನಡಿ. ಅವಂಗ ನೀನ ಹೇಳು," ಅಂದಳು. ಅವನು ಈಗ ಮನೆಗೆ ಬಂದಿದ್ದಾನೆ. ಇಬ್ಬರೂ ಮಲಪನಗುಡಿಗೆ ಹೋದೆವು. ಅವನು ಪಡಸಾಲೆಯ ಮಂಚದ ಮೇಲೆ ಕೂತು ಎಡಗೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ, ಒಂದೂ ಮುಚ್ಚಿಡದೆ. ಅವನು ತನ್ನ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ಹೊಳೆಮ್ಮ ಒಳಗಿನಿಂದ ತಟ್ಟೆ ತಂದು, "ಉಂಡು ಹೋಗು," ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ಕೂರಲು ಬಾಗಿದೆ.

"ಅವ್ವಾ," ಅಂದ ಕನಕರಾಜ, ಮತ್ತೆ ಗುಂಡಿಯ ಕಡೆ ನೋಡುತ್ತ. "ಅವರಿಗೆ ಬಸ್ಸಿನ ಹೊತ್ತಾಗೈತಿ. ಹೋಗ್ಲಿ ಬಿಡು ಅವರು."

ಹುಟ್ಟಿದಾಗಿನಿಂದ ನನ್ನನ್ನು ಮಾಮಾ, ನೀನು ಎಂದವನು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಉಜ್ಜಿನಪ್ಪ